ಯಮಹಾ ಡಿಬಿಆರ್10: ಸ್ಟೇಜಿನಲ್ಲಿ ನನ್ನ ಪಿಯಾನೋ ಕೊನೆಗೂ ಪಿಯಾನೋ ಥರ ಕೇಳಿಸಿತು

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೆ ಎಷ್ಟು ಚೆಂದ. ಸ್ಟೇಜಿಗೆ ಹೋದರೆ ಅದೇ ಪಿಯಾನೋ ಟೋನ್ ತಗಡಿನ ಡಬ್ಬ ಬಡಿದ ಹಾಗೆ. ಕೀಬೋರ್ಡ್ ನುಡಿಸುವವರಿಗೆಲ್ಲ ಈ ಸಂಕಟ ಗೊತ್ತು, ಅಲ್ವಾ? ನಾನು ಹಾಸನದವನು. ಮದುವೆ ರಿಸೆಪ್ಷನ್, ಗಣಪತಿ ಆರ್ಕೆಸ್ಟ್ರಾ, ವಾರದ ಕೊನೆಗೆ ಚಿಕ್ಕಮಗಳೂರು ಕಡೆ ಹೋಂಸ್ಟೇಗಳಲ್ಲಿ ಮೂರು ಜನ ಸೇರಿ ಹಾಡು, ಹೀಗೆ ನಡೆಯುತ್ತದೆ. ನಾಲ್ಕೈದು ವರ್ಷ ಈ ಸದ್ದಿನ ಜೊತೆ ಗುದ್ದಾಡಿದೆ. ತಪ್ಪು ಕೀಬೋರ್ಡಿನದ್ದೇ ಅಂದುಕೊಂಡು ಅದನ್ನೂ ಬದಲಾಯಿಸಿದೆ. ಸದ್ದು ಮಾತ್ರ ಹಾಗೇ ಇತ್ತು. ಎರಡು ವರ್ಷದ ಹಿಂದೆ ಯಮಹಾ ಡಿಬಿಆರ್10 ಅನ್ನುವ ಈ ಪವರ್ಡ್ ಸ್ಪೀಕರ್, ಅಂದರೆ ಒಳಗೇ ಆಂಪ್ ಇರುವ ಸ್ಪೀಕರ್, ತಂದ ಮೇಲೆ ಬದಲಾಯಿತು.

ಮೊದಲು ಹೇಗಿತ್ತು ಅಂದರೆ, ಬಿ.ಎಂ. ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ನಮಗೆ ಮಾನಿಟರ್ (ನುಡಿಸುವವರಿಗೆ ಕೇಳಲೆಂದು ಸ್ಟೇಜಿನಲ್ಲಿಡುವ ಸ್ಪೀಕರ್) ಕೊಟ್ಟಿರಲಿಲ್ಲ, ಗಿಟಾರ್ ಹುಡುಗನ ಆಂಪ್‌ಗೇ ಕೀಬೋರ್ಡ್ ಸಿಕ್ಕಿಸಿ ನುಡಿಸುತ್ತಿದ್ದೆ. ಹಾಡುತ್ತಿದ್ದ ಹುಡುಗಿ ಎರಡನೇ ಹಾಡಿಗೇ ತಿರುಗಿ, "ಅಣ್ಣಾ, ಶ್ರುತಿ ಸಿಗ್ತಿಲ್ಲ, ಸ್ವಲ್ಪ ಜಾಸ್ತಿ ಕೊಡಿ" ಅಂದಳು. ಜಾಸ್ತಿ ಕೊಟ್ಟೆ. ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ) ಇಟ್ಟರೆ ಬುಂ ಅನ್ನುವ ಗದ್ದಲ, ಬಲಗೈ ಸ್ವರಗಳಿಗೆ ಕಂಬಳಿ ಹೊದಿಸಿದ ಹಾಗೆ. ಅದು ಆ ಆಂಪ್‌ನ ದೋಷ ಅಲ್ಲ, ಅದು ಇರುವುದೇ ಗಿಟಾರಿಗೆ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ದಾಟಿದ ಸದ್ದನ್ನು ಹೆಚ್ಚುಕಮ್ಮಿ ಕೇಳಿಸುವುದೇ ಇಲ್ಲ. ಪಿಯಾನೋದ ಕೊನೆಯ ಕೀ 4,186 ಹರ್ಟ್ಸ್ ಇರಬಹುದು, ಆದರೆ ಪ್ರತಿ ಸ್ವರದ ಜೊತೆಗೆ ಅದಕ್ಕಿಂತ ಮೇಲಿನ ನಾದಗಳೂ ಬರುತ್ತವೆ. ಸುತ್ತಿಗೆ ತಂತಿಗೆ ತಾಗುವ ಆ ಸಣ್ಣ "ಟಕ್" ಇದೆಯಲ್ಲ, ಅದರ ಹೊಳಪು ಇರುವುದು ಅಲ್ಲೇ. ಅದು ಹೋದರೆ ಪಿಯಾನೋ ಅಂತ ಗುರುತೇ ಸಿಗುವುದಿಲ್ಲ.

ಡಿಬಿಆರ್10 ಪೂರ್ತಿ ಸದ್ದಿಗೆ ಮಾಡಿದ ಸ್ಪೀಕರ್. ತಗ್ಗು ಸ್ವರಗಳಿಗೆ 10 ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಹಾರ್ನ್, ಒಳಗೇ ಆಂಪ್, ಪೀಕ್ 700 ವ್ಯಾಟ್. ತೂಕ 10.5 ಕೆ.ಜಿ., ಬಸ್ಸಿನಿಂದ ಒಬ್ಬನೇ ಇಳಿಸಿಕೊಳ್ಳುತ್ತೇನೆ. ಹಿಂದೆ ಎರಡು ಇನ್‌ಪುಟ್ ಇವೆ, ಒಂದಕ್ಕೆ ಕೀಬೋರ್ಡ್, ಇನ್ನೊಂದಕ್ಕೆ ಬೇಕಾದರೆ ಮೈಕ್. ಕೀಬೋರ್ಡ್ ಹಾಕಿದ ಇನ್‌ಪುಟ್‌ಗೆ ಮೈಕ್/ಲೈನ್ ಸ್ವಿಚ್ ಇದ್ದರೆ ಅದು ಲೈನ್‌ಗೆ ಇರಲಿ. ಕೀಬೋರ್ಡಿಗೆಂದೇ ಮಾಡಿದ ರೋಲ್ಯಾಂಡ್ ಕೆಸಿ-200 ಕೂಡ ನೋಡಿದ್ದೆ. 100 ವ್ಯಾಟ್, 12 ಇಂಚು, ನಾಲ್ಕು ಚಾನೆಲ್, ಎರಡು ಮೂರು ಕೀಬೋರ್ಡ್ ಇಟ್ಟುಕೊಂಡವರಿಗೆ ಅದು ಅನುಕೂಲ. ನನಗಿರುವುದು ಒಂದೇ ಕೀಬೋರ್ಡ್. ಸ್ಟ್ಯಾಂಡಿನ ಮೇಲೆ ಕಿವಿ ಮಟ್ಟಕ್ಕೆ ಏರಿಸುವ ಸ್ಪೀಕರ್ ಬೇಕಿತ್ತು, ಹಾಗಾಗಿ ಇದನ್ನೇ ತಗೊಂಡೆ.

ಆದರೆ ತಂದ ಮೊದಲ ದಿನವೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಹೊಳಪು ಬಂತು, ಪಿಯಾನೋ ಮಾತ್ರ ಬಾವಿಯೊಳಗಿಂದ ಬಂದ ಹಾಗೆ ದೂರ ದೂರ ಇತ್ತು. ಕಾರಣ ಸ್ಪೀಕರ್ ಅಲ್ಲ, ಮೋನೋ, ಅಂದರೆ ಎಡ ಬಲದ ಸದ್ದು ಎರಡೂ ಸೇರಿ ಒಂದೇ ಆಗಿ ಬರುವುದು. ಡಿಜಿಟಲ್ ಪಿಯಾನೋದ ಟೋನ್‌ಗಳನ್ನು ಹೆಚ್ಚಾಗಿ ಸ್ಟೀರಿಯೋದಲ್ಲಿ, ಬೇರೆ ಬೇರೆ ಜಾಗದಲ್ಲಿಟ್ಟ ಮೈಕ್‌ಗಳಿಂದ ರೆಕಾರ್ಡ್ ಮಾಡಿರುತ್ತಾರೆ. ಒಂದೇ ಸ್ವರ ಒಂದು ಮೈಕಿಗೆ ಚೂರು ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ತಲುಪಿರುತ್ತದೆ. ಹೆಡ್‌ಫೋನಿನಲ್ಲಿ ಎಡ ಬಲ ಬೇರೆ ಬೇರೆ ಕೇಳುವುದರಿಂದ ತುಂಬಿದ ಹಾಗೆ ಅನಿಸುತ್ತದೆ, ಎರಡನ್ನೂ ಕಲಸಿ ಒಂದೇ ಸ್ಪೀಕರಿಗೆ ಕೊಟ್ಟರೆ ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ, ಸದ್ದು ಟೊಳ್ಳಾಗುತ್ತದೆ. ನಿಮ್ಮ ಕೀಬೋರ್ಡಿನಲ್ಲಿ ಮೋನೋ ಪಿಯಾನೋ ಟೋನ್ ಇದ್ದರೆ ಅದನ್ನೇ ಹಾಕಿ, ಹೆಡ್‌ಫೋನಿನಲ್ಲಿ ಸಪ್ಪೆ ಅನಿಸಿದರೂ ಪರವಾಗಿಲ್ಲ. ನನ್ನದರಲ್ಲಿ ಇಲ್ಲ. ನಾನು ಮಾಡುವುದು ಇಷ್ಟೇ: ಬಲಗಡೆ ಔಟ್‌ಪುಟ್‌ಗೆ ವೈರ್ ಇಲ್ಲದ ಒಂದು ಖಾಲಿ ಪಿ-38 ಪಿನ್ (ಕೀಬೋರ್ಡ್ ಕೇಬಲ್ಲಿನ ತುದಿಯಲ್ಲಿರುವಂಥ ಕಾಲು ಇಂಚಿನ ಪಿನ್) ತೂರಿಸಿ, ಎಡಗಡೆಯದರಿಂದ ಮಾತ್ರ ಕೇಬಲ್ ಎಳೆಯುತ್ತೇನೆ. ಎಡಗಡೆ ಒಂದೇ ಸಿಕ್ಕಿಸಿದ್ದರೆ ಕೀಬೋರ್ಡ್ ತಾನೇ ಎರಡನ್ನೂ ಕಲಸುತ್ತದೆ. ಬಲಗಡೆ ಏನೋ ಇದೆ ಅಂತ ಕಂಡರೆ ಕಲಸುವುದಿಲ್ಲ, ಶುದ್ಧ ಎಡ ಮಾತ್ರ ಬರುತ್ತದೆ. ಮೇಲಿನ ಸ್ವರಗಳು ಸ್ವಲ್ಪ ಕಮ್ಮಿ ಆಗುತ್ತವೆ, ಟ್ರೆಬಲ್ ಒಂದು ಚೂರು ಏರಿಸಿದರೆ ಸಾಕು. ಮೊದಲ ಸಲ ಹೀಗೆ ಮಾಡಿದ ದಿನ ಮಿಡಲ್ ಸಿ ಸುತ್ತಮುತ್ತಲ ಸ್ವರಗಳು ಎದ್ದು ಎದುರಿಗೆ ಬಂದು ನಿಂತವು. ಖುಷಿಗೆ ಅರ್ಧ ಗಂಟೆ ಸುಮ್ನೆ ಕಾರ್ಡ್ ಹಿಡಿದುಕೊಂಡೇ ಕೂತಿದ್ದೆ.

ಹಿಂದಿರುವ ಸ್ವಿಚ್‌ಗಳನ್ನು ಅಸಡ್ಡೆ ಮಾಡಬೇಡಿ. ಡಿ-ಕಾಂಟೂರ್ ಅಂತ ಒಂದಿದೆ. ಸ್ಪೀಕರನ್ನು ನೆಲದ ಮೇಲೆ ಓರೆಯಾಗಿ ಇಟ್ಟರೆ ಅದನ್ನು ಮಾನಿಟರ್‌ಗೆ ಇಡಿ, ನೆಲದಿಂದ ಏಳುವ ಬೇಸ್ ಗದ್ದಲ ತಗ್ಗುತ್ತದೆ. ಎಚ್‌ಪಿಎಫ್ ಇನ್ನೊಂದು, ಇಟ್ಟ ಅಳತೆಗಿಂತ ಕೆಳಗಿನ ಬೇಸ್ ಸದ್ದನ್ನು ಅದು ತಗ್ಗಿಸುತ್ತದೆ, ಬೇಸ್ ಗಿಟಾರ್ ಜೊತೆಗಿರುವಾಗ ನಾನು 100 ಹರ್ಟ್ಸ್‌ಗೆ ಇಡುತ್ತೇನೆ. ಇಬ್ಬರೂ ಒಂದೇ ಜಾಗಕ್ಕೆ ಕಿತ್ತಾಡಿದರೆ ಪಿಯಾನೋದ್ದೇ ಸೋಲು. ಕೀಬೋರ್ಡಿನ ವಾಲ್ಯೂಮ್ ಮುಕ್ಕಾಲು ಭಾಗ ಇಟ್ಟು ಉಳಿದದ್ದನ್ನು ಸ್ಪೀಕರಿನಲ್ಲಿ ಏರಿಸಿ. ಅಲ್ಲಿ ಕಮ್ಮಿ ಇಟ್ಟು ಇಲ್ಲಿ ಜಾಸ್ತಿ ಮಾಡಿದರೆ ಸುಯ್ ಅನ್ನುವ ಸದ್ದೂ ಜೊತೆಗೆ ಏರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಸ್ಪೀಕರಿನ ಹಿಂಭಾಗದಲ್ಲಿರುವ ಔಟ್‌ಪುಟ್. ಅದರ ಸ್ವಿಚ್ಚನ್ನು ಥ್ರೂಗೆ (ಬಂದ ಸದ್ದನ್ನು ಹಾಗೇ ಮುಂದಕ್ಕೆ ಕಳಿಸುವುದಕ್ಕೆ) ಇಟ್ಟು ಅಲ್ಲಿಂದ ಒಂದು ಕೇಬಲ್ ಸೌಂಡ್‌ನವರ ಮಿಕ್ಸರಿಗೆ ಕೊಡುತ್ತೇನೆ. ಹೊರಗೆ ಅವರು ಎಷ್ಟಾದರೂ ಇಟ್ಟುಕೊಳ್ಳಲಿ, ನನಗೂ ಹಾಡುವವರಿಗೂ ಕೇಳುವುದು ನನ್ನ ಕೈಯಲ್ಲೇ ಇರುತ್ತದೆ. ಜನರೇಟರ್ ಲೈನಿನಲ್ಲಿ ಗುಂಯ್ ಅನ್ನುವ ಹಮ್ ಬರುವುದುಂಟು, ಅದಕ್ಕೆ ಗ್ರೌಂಡ್ ಲಿಫ್ಟ್ (ಆ ಹಮ್ ತಪ್ಪಿಸುವ ಸ್ವಿಚ್) ಇರುವ ಡಿಐ ಬಾಕ್ಸ್, ಅಂದರೆ ಮಿಕ್ಸರಿಗೆ ಹೋಗುವ ಕೇಬಲ್ಲಿನ ನಡುವೆ ಹಾಕುವ ಪುಟ್ಟ ಡಬ್ಬಿ, ಒಂದು ಬ್ಯಾಗಿನಲ್ಲಿರಲಿ.

ಕಲ್ಲು ಹಾಸಿದ ಮಂಟಪದಲ್ಲಿ ಕೀಬೋರ್ಡಿನ ರಿವರ್ಬ್ (ಪ್ರತಿಧ್ವನಿಯಂಥ ಗುಂಗು) ಪೂರ್ತಿ ತೆಗೆದುಬಿಡಿ, ಗೋಡೆಗಳೇ ಬೇಕಾದಷ್ಟು ಕೊಡುತ್ತವೆ. ಮುಳ್ಳಯ್ಯನಗಿರಿ ಕಡೆಯ ಹೋಂಸ್ಟೇ ಅಂಗಳದಲ್ಲಿ ಉಲ್ಟಾ. ಸುತ್ತ ಕಾಫಿ ಗಿಡ, ಮೇಲೆ ಆಕಾಶ, ಸದ್ದು ಹೋದರೆ ವಾಪಸ್ಸೇ ಬರುವುದಿಲ್ಲ. ಅಲ್ಲಿ ರಿವರ್ಬ್ ಬೇಕೇ ಬೇಕು. ನಲವತ್ತು ಐವತ್ತು ಜನ ಕೂತಿದ್ದರೆ ಈ ಒಂದೇ ಸ್ಪೀಕರ್ ಧಾರಾಳ.

ಮಿತಿ ಇಲ್ಲ ಅಂತಲ್ಲ. ಇದರ ಸದ್ದು ಶುರುವಾಗುವುದೇ 55 ಹರ್ಟ್ಸ್‌ನಿಂದ ಅಂತ ಕಂಪನಿಯೇ ಹೇಳುತ್ತದೆ, ಪಿಯಾನೋದ ಮೊದಲ ಕೀ 27.5. ಅಂದರೆ ಎಡತುದಿಯ ಒಂದು ಆಕ್ಟೇವ್‌ನ ಗಾಂಭೀರ್ಯ ಇದರಲ್ಲಿ ಸಿಗುವುದಿಲ್ಲ. ಬ್ಯಾಂಡಿನಲ್ಲಿ ಅದು ಯಾರಿಗೂ ಬೇಕಾಗಿಲ್ಲ, ಒಬ್ಬರೇ ಪಿಯಾನೋ ನುಡಿಸುವವರು 12 ಇಂಚಿನದ್ದನ್ನು ಕೇಳಿ ನೋಡಿ. ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ಅಷ್ಟೇ. ಮಲೆನಾಡಿನ ಮಳೆಗಾಲದಲ್ಲಿ ಕವರ್ ಹಾಕಿ ಮೂಲೆಗೆ ತಳ್ಳಬೇಡಿ, ವಾರಕ್ಕೊಮ್ಮೆಯಾದರೂ ತೆಗೆದು ನುಡಿಸಿ.

ಈ ಮದುವೆ ಸೀಸನ್ ಮುಗಿದ ಮೇಲೆ ಇನ್ನೊಂದು ಡಿಬಿಆರ್10 ತಗೊಳ್ಳುವ ಯೋಚನೆ ಇದೆ. ಆಗ ಆ ಖಾಲಿ ಪಿನ್ ಕಿತ್ತು, ಎಡ ಬಲ ಎರಡೂ ಕೇಬಲ್ ಹಾಕಿ, ಹೆಡ್‌ಫೋನಿನಲ್ಲಿ ಕೇಳುವ ಪಿಯಾನೋವನ್ನೇ ಅಂಗಳದಲ್ಲಿ ಕೂತವರಿಗೂ ಕೇಳಿಸಬೇಕು.