ಅಟ್ಟದ ಗ್ರಾಸ್‌ಹಾಪರಿಗೆ ಬಂದ ಹೊಸ ಜೊತೆ: ತಮಿಯಾ ಮರುಬಿಡುಗಡೆ ಕಿಟ್ಟಿನ ವಿಮರ್ಶೆ

ಜಪಾನಿನ ಶಿಜುವೊಕಾದ ತಮಿಯಾ ಸಂಸ್ಥೆ 1984ರಲ್ಲಿ ಹೊರತಂದ ಗ್ರಾಸ್‌ಹಾಪರ್ ಎಂಬ ರೇಡಿಯೋ ನಿಯಂತ್ರಿತ ಬಗ್ಗಿಯನ್ನು, ಅಂದರೆ ಒರಟು ನೆಲದಲ್ಲಿ ಓಡುವ ಆಟಿಕೆ ಕಾರನ್ನು, ಅದೇ ಸಂಸ್ಥೆ 2005ರಲ್ಲಿ ಮರಳಿ ಮಾರುಕಟ್ಟೆಗೆ ಬಿಟ್ಟಿತು. ಆ ಮರುಬಿಡುಗಡೆಯ ಕಿಟ್ಟೊಂದನ್ನು ನಾನು ಕಳೆದ ಡಿಸೆಂಬರಿನಲ್ಲಿ ತರಿಸಿಕೊಂಡು, ಸ್ವತಃ ಜೋಡಿಸಿ, ಒಂದು ಬೇಸಗೆ ಪೂರ್ತಿ ಓಡಿಸಿ, ಒಂದು ಮಳೆಗಾಲ ಮನೆಯೊಳಗೆ ಕಾಪಾಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೊಂಡದ್ದರ ಕಾರಣವನ್ನು ಮೊದಲೇ ಹೇಳಬೇಕು, ಏಕೆಂದರೆ ನನ್ನ ತೀರ್ಮಾನವೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮ ಮನೆಯ ಅಟ್ಟದಲ್ಲಿ 1980ರ ದಶಕದ ಮೂಲ ಗ್ರಾಸ್‌ಹಾಪರ್ ಒಂದಿದೆ.

ಕಾಸರಗೋಡು ಜಿಲ್ಲೆಯ ಬಹಳಷ್ಟು ಮನೆಗಳಂತೆ ನಮ್ಮ ಮನೆಯಿಂದಲೂ ಒಬ್ಬರು ಗಲ್ಫಿಗೆ ಹೋಗಿದ್ದರು. ಅಪ್ಪಚ್ಚಿ (ಚಿಕ್ಕಪ್ಪ) ದುಬೈಯಿಂದ ರಜೆಯಲ್ಲಿ ಬಂದಾಗ ಟೇಪ್ ರೆಕಾರ್ಡರ್ ಮತ್ತು ಕಂಬಳಿಗಳ ನಡುವೆ ಇಟ್ಟು ತಂದ ಪೆಟ್ಟಿಗೆ ಅದು. ಎರಡು ಬೇಸಗೆ ಅಡಿಕೆ ಹರವುವ ಜಾಲಿನಲ್ಲಿ (ಅಂಗಳದಲ್ಲಿ) ಓಡಿದ ಮೇಲೆ ಅದರ ಬ್ಯಾಟರಿ ಸತ್ತಿತು. ಅಂಥ ಬ್ಯಾಟರಿ ಆಗ ನಮ್ಮ ಪೇಟೆಯಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ ಗಾಡಿ ಅಟ್ಟ ಸೇರಿ ಅಲ್ಲೇ ಉಳಿಯಿತು. ನಾನು ಅದನ್ನು ಕೆಳಗಿಳಿಸಿದಾಗ ಬಿಳಿಯ ಕವಚ ಹಳೆಯ ಪುಸ್ತಕದ ಹಾಳೆಯಂತೆ ಹಳದಿಯಾಗಿತ್ತು, ಟಯರುಗಳು ಕಲ್ಲಿನಂತೆ ಗಟ್ಟಿಯಾಗಿದ್ದವು, ಮುಂಗಾಲಿಯನ್ನು ತಿರುಗಿಸುವ ಕೀಲಾದ ಸ್ಟಿಯರಿಂಗ್ ಗೆಣ್ಣು ಒಂದು ಬದಿಯಲ್ಲಿ ಮುರಿದಿತ್ತು. ಮರುಬಿಡುಗಡೆಯ ಕಿಟ್ಟನ್ನು ನಾನು ಅಂಗಡಿಯ ಆಟಿಕೆಯೆಂದು ನೋಡದೆ, ಈ ಹಳೆಯ ಗಾಡಿಯ ಪಕ್ಕದಲ್ಲಿಟ್ಟು ನೋಡಿದ್ದೇನೆ.

ಗ್ರಾಸ್‌ಹಾಪರಿನ ರಚನೆ ಬಹಳ ಸರಳ. ಅಳತೆ 1:10. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಚಾಲನೆ. ಎಬಿಎಸ್ ಪ್ಲಾಸ್ಟಿಕಿನ ದೋಣಿಯಂಥ ಚಾಸಿಯೊಳಗೆ (ತಳದ ಚೌಕಟ್ಟಿನೊಳಗೆ) ಬ್ಯಾಟರಿ, ತೋಳು ಸರಿಸುವ ಪುಟ್ಟ ಮೋಟಾರಾದ ಸರ್ವೋ, ರೇಡಿಯೋ ಸಂಕೇತ ಹಿಡಿಯುವ ರಿಸೀವರ್ ಎಲ್ಲವೂ ಕುಳಿತುಕೊಳ್ಳುತ್ತವೆ. ಅದೇ 1984ರಲ್ಲಿ ಅಮೆರಿಕದಲ್ಲಿ ಟೀಮ್ ಅಸೋಸಿಯೇಟೆಡ್ ಸಂಸ್ಥೆಯ ಆರ್‌ಸಿ10 ಎಂಬ ಬಗ್ಗಿ ಅಲ್ಯುಮಿನಿಯಂ ಚಾಸಿಯೊಂದಿಗೆ ರೇಸಿಗೆಂದೇ ಹುಟ್ಟಿತು. ಗ್ರಾಸ್‌ಹಾಪರ್ ಹುಟ್ಟಿದ್ದು ಮೊದಲ ಬಾರಿ ಸ್ಕ್ರೂಡ್ರೈವರ್ ಹಿಡಿಯುವ ಹುಡುಗನಿಗಾಗಿ. ಈ ಉದ್ದೇಶವನ್ನು ಮರೆತು ಅದರ ಗುಣದೋಷ ಎಣಿಸುವುದು ನ್ಯಾಯವಲ್ಲ. ಹಿಂಭಾಗದಲ್ಲಿ ಮೋಟಾರು, ಗೇರುಪೆಟ್ಟಿಗೆ ಮತ್ತು ಅಚ್ಚು ಮೂರೂ ಒಂದೇ ತುಂಡಾಗಿ ಮೇಲೆ ಕೆಳಗೆ ತೂಗುತ್ತವೆ. ಅಷ್ಟೂ ಭಾರ ಸ್ಪ್ರಿಂಗಿನ ಕೆಳಗೆ ಬರುವುದರಿಂದ, ಮತ್ತು ಆ ಸ್ಪ್ರಿಂಗಿನ ಕುಣಿತವನ್ನು ತಡೆಯಲು ಎಣ್ಣೆ ತುಂಬಿದ ಡ್ಯಾಂಪರ್ ಇಲ್ಲದಿರುವುದರಿಂದ, ಉಬ್ಬುತಗ್ಗಿನ ನೆಲದಲ್ಲಿ ಗಾಡಿಯ ಹಿಂಭಾಗ ಹಾರಿ ಹಾರಿ ಬೀಳುತ್ತದೆ. ಮಿಡತೆ ಎಂಬ ಹೆಸರಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ. ಇದೇ ಚಾಸಿಯ ಮೇಲೆ ಅದೇ ವರ್ಷ ಬಂದ ಹಾರ್ನೆಟ್ ಗಾಡಿಗೆ ಹಿಂದೆ ಎಣ್ಣೆಯ ಡ್ಯಾಂಪರುಗಳನ್ನೂ ದೊಡ್ಡದಾದ 540 ಮೋಟಾರನ್ನೂ ಕೊಟ್ಟರು. ಗ್ರಾಸ್‌ಹಾಪರಿಗೆ ಇರುವುದು ಚಿಕ್ಕ 380 ಮೋಟಾರು, ಮರುಬಿಡುಗಡೆಯಲ್ಲೂ ಅದೇ.

ಕಿಟ್ಟಿನ ಜೋಡಣೆಗೆ ನನಗೆ ಮೂರು ಸಂಜೆ ಹಿಡಿಯಿತು. ಕೈಪಿಡಿಯಲ್ಲಿ ಮಾತಿಗಿಂತ ಚಿತ್ರವೇ ಹೆಚ್ಚು, ಪ್ರತಿ ಸ್ಕ್ರೂವನ್ನೂ ಅದರ ನಿಜವಾದ ಗಾತ್ರದಲ್ಲಿಯೇ ಮುದ್ರಿಸಿರುವುದರಿಂದ ಕೈಯಲ್ಲಿರುವ ಸ್ಕ್ರೂವನ್ನು ಕಾಗದದ ಮೇಲಿಟ್ಟು ಹೋಲಿಸಿದರೆ ಸಾಕು. ಏಳನೆಯ ತರಗತಿಯಲ್ಲಿರುವ ನನ್ನ ಮಗಳು ಗೇರುಪೆಟ್ಟಿಗೆಯನ್ನು ನನ್ನ ಸಹಾಯವಿಲ್ಲದೆ ಜೋಡಿಸಿದಳು. ಆದರೆ ಸ್ಕ್ರೂಡ್ರೈವರ್ ಕಿಟ್ಟಿನೊಳಗೆ ಬರುವುದಿಲ್ಲ, ಮತ್ತು ಈ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಜಪಾನಿನ ಕಿಟ್ಟುಗಳ ಸ್ಕ್ರೂಗಳ ತಲೆಯ ಗೀರು ಜೆಐಎಸ್ ಎಂಬ ಜಪಾನಿನ ಕೈಗಾರಿಕಾ ಮಾನದಂಡದ್ದು. ನಮ್ಮ ಪೇಟೆಯಲ್ಲಿ ಸಿಗುವ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಕೂರದೆ ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಹಳೆಯ ಗಾಡಿಯನ್ನು ಬಿಚ್ಚುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ತುಕ್ಕು ಹಿಡಿದ ಸ್ಕ್ರೂವಿನ ತಲೆ ಒಮ್ಮೆ ಹೋದರೆ ಪ್ಲಾಸ್ಟಿಕನ್ನು ಕೊರೆಯದೆ ಅದು ಹೊರಗೆ ಬಾರದು. ಮರಳಿ ಹಾಕುವಾಗ ಸ್ಕ್ರೂವನ್ನು ಮೊದಲು ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸಿ, ಅದು ಹಳೆಯ ಎಳೆಯೊಳಗೆ ಬಿದ್ದಾಗ ಬರುವ ಸಣ್ಣ ಟಕ್ ಎಂಬ ಅನುಭವ ಬೆರಳಿಗೆ ಸಿಕ್ಕಿದ ಮೇಲೆ ಬಿಗಿಗೊಳಿಸಬೇಕು. ಈ ಒಂದು ಅಭ್ಯಾಸ ನಲವತ್ತು ವರ್ಷ ಹಳೆಯ ಚಾಸಿಯ ರಂಧ್ರಗಳನ್ನು ಉಳಿಸುತ್ತದೆ.

ಗಾಲಿಗಳು ತಿರುಗುವ ಜಾಗಕ್ಕೆ ಕಿಟ್ಟಿನಲ್ಲಿ ಕೊಡುವುದು ಪ್ಲಾಸ್ಟಿಕ್ ಬುಷ್‌ಗಳನ್ನು, ಅಂದರೆ ಅಚ್ಚು ತೂರುವ ಬಳೆಗಳನ್ನು. ನಮ್ಮ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಹುಡಿ ಅವುಗಳೊಳಗೆ ಸೇರಿದರೆ ಮರಳುಕಾಗದದಂತೆ ಅಚ್ಚನ್ನು ಸವೆಸುತ್ತದೆ. ಹೀಗಾಗಿ ಮೊದಲ ದಿನವೇ ಬಾಲ್ ಬೇರಿಂಗ್ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ತಮಿಯಾದ ಗಾಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯೆಂದರೆ ಒಳವ್ಯಾಸ 5, ಹೊರವ್ಯಾಸ 11, ದಪ್ಪ 4 ಮಿಲಿಮೀಟರ್. ಹವ್ಯಾಸಿಗಳು ಇದನ್ನು 1150 ಎನ್ನುತ್ತಾರೆ, ಬೇರಿಂಗ್ ಅಂಗಡಿಯವರಿಗೆ ಎಂಆರ್ 115 ಎಂದು ಹೇಳಬೇಕು. 685 ಎಂಬ ಬೇರಿಂಗಿನ ವ್ಯಾಸಗಳು ಅವೇ ಆದರೂ ಮುಚ್ಚಳವಿರುವ ಮಾದರಿಯ ದಪ್ಪ 5 ಮಿಲಿಮೀಟರ್ ಇರುವುದರಿಂದ ಅದು ಕೂರುವುದಿಲ್ಲ. ಅಂಗಡಿಯಲ್ಲಿ ಅಳೆದು ನೋಡದೆ ತಂದು ನಾನು ಒಮ್ಮೆ ಕಾಸರಗೋಡಿಗೆ ಎರಡು ಸಲ ಹೋಗಬೇಕಾಯಿತು.

ವಿದ್ಯುತ್ತಿನ ಭಾಗದಲ್ಲಿ ಹೊಸದಕ್ಕೂ ಹಳೆಯದಕ್ಕೂ ಇರುವ ಅಂತರ ದೊಡ್ಡದು. ಮೂಲ ಗಾಡಿಯಲ್ಲಿ ಸರ್ವೋ ಒಂದು ತೋಳನ್ನು ತಾಮ್ರದ ಪಟ್ಟಿಗಳ ಮೇಲೆ ಸರಿಸುತ್ತದೆ. ತೋಳು ಎಲ್ಲಿ ನಿಲ್ಲುತ್ತದೆಯೋ ಅದಕ್ಕೆ ತಕ್ಕಂತೆ ವಿದ್ಯುತ್ತು ರೆಸಿಸ್ಟರಿನ ಮೂಲಕವೋ ನೇರವಾಗಿಯೋ ಮೋಟಾರಿಗೆ ಹೋಗುತ್ತದೆ. ನಿಧಾನವಾಗಿ ಓಡಿಸಿದಷ್ಟೂ ಉಳಿದ ಶಕ್ತಿ ರೆಸಿಸ್ಟರಿನಲ್ಲಿ ಶಾಖವಾಗಿ ಪೋಲಾಗುತ್ತದೆ, ಮುಟ್ಟಿದರೆ ಬೆರಳು ಸುಡುವಷ್ಟು. ನನಗೆ ಬಂದ ಮರುಬಿಡುಗಡೆಯ ಕಿಟ್ಟಿನಲ್ಲಿ ಇದರ ಬದಲಿಗೆ ಎಲೆಕ್ಟ್ರಾನಿಕ್ ವೇಗ ನಿಯಂತ್ರಕವಿತ್ತು. ವೇಗ ನಯವಾಗಿ ಏರಿಳಿಯುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಟ್ರಾನ್ಸ್‌ಮಿಟರ್, ರಿಸೀವರ್, ಸರ್ವೋ, ಬ್ಯಾಟರಿ ಮತ್ತು ಚಾರ್ಜರನ್ನು ಮಾತ್ರ ಬೇರೆಯಾಗಿ ಕೊಳ್ಳಬೇಕು. ಕಿಟ್ಟಿನ ಬೆಲೆಯೊಂದನ್ನೇ ನೋಡಿ ಲೆಕ್ಕ ಹಾಕುವವರು ಈ ಖರ್ಚನ್ನೂ, ಹೊರದೇಶದಿಂದ ತರಿಸುವುದಾದರೆ ಸುಂಕವನ್ನೂ ಸೇರಿಸಿಕೊಳ್ಳಬೇಕು.

ಹಳೆಯ ರೇಡಿಯೋ ಸೆಟ್ಟುಗಳು 27 ಮೆಗಾಹರ್ಟ್ಸ್‌ನವು. ಪ್ರತಿಯೊಂದಕ್ಕೂ ಅದರ ಆವೃತ್ತಿಯನ್ನು ನಿಗದಿಪಡಿಸುವ, ಬಣ್ಣದ ಗುರುತಿನ ಹರಳಿನ (ಕ್ರಿಸ್ಟಲ್) ಜೋಡಿ ಇರುತ್ತಿತ್ತು: ಕಂದು 26.995, ಹಳದಿ 27.145, ನೀಲಿ 27.255, ಹೀಗೆ. ಅಪ್ಪಚ್ಚಿಯ ಸೆಟ್ಟಿನದು ಹಳದಿ. ಒಂದೇ ಬಣ್ಣದ ಎರಡು ಸೆಟ್ಟುಗಳು ಒಂದೇ ಜಾಲಿನಲ್ಲಿದ್ದರೆ ಒಬ್ಬರ ಗಾಡಿ ಮತ್ತೊಬ್ಬರ ಮಾತು ಕೇಳಿ ಕಣಿಗೆ ಬೀಳುವುದು ಖಂಡಿತ. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಿಗೆ ಈ ತೊಂದರೆಯೇ ಇಲ್ಲ. ಹೀಗಿದ್ದರೂ ಹಳೆಯ ಸೆಟ್ಟನ್ನು ನಾನು ಎಸೆದಿಲ್ಲ. ಸಂಪರ್ಕದ ಪಟ್ಟಿಗಳನ್ನು ರಬ್ಬರಿನಿಂದ ಉಜ್ಜಿ, ಆರು ಹೊಸ ಕೋಶಗಳ 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯನ್ನು ಜೋಡಿಸಿದಾಗ ಅದು ಮೊದಲ ಪ್ರಯತ್ನಕ್ಕೇ ಉತ್ತರ ಕೊಟ್ಟಿತು. ಬ್ಯಾಟರಿಯ ಗೂಡು ದುಂಡು ಕೋಶಗಳ ಆಕಾರಕ್ಕೆ ಹೊಂದುವಂತಿದೆ. ಕೋನವುಳ್ಳ ಗಟ್ಟಿ ಕವಚದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಕೂರಿಸಬೇಕಾದರೆ ಪ್ಲಾಸ್ಟಿಕನ್ನು ಕೆತ್ತಬೇಕಾಗುತ್ತದೆ, ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಸತ್ತ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಬಗ್ಗೆ ಒಂದು ಮಾತು. ಅದರಿಂದ ಒಸರಿದ ಕ್ಷಾರ ವಯರಿನ ತಾಮ್ರವನ್ನು ತಿಂದು ಹಸಿರುನೀಲಿ ಹುಡಿಯಾಗಿಸಿತ್ತು. ಕೈಗವಸು ಹಾಕಿಕೊಂಡು, ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಕೊನೆಗೆ ನೀರಿನ ಪಸೆಯಿಂದ ತೊಳೆದು ಒಣಗಿಸಿದರೆ ಕ್ಷಾರ ತಟಸ್ಥವಾಗುತ್ತದೆ. ವಿನೆಗರ್ ಇಲ್ಲದಿದ್ದರೆ ಲಿಂಬೆರಸವೂ ನಡೆಯುತ್ತದೆ. ಕ್ಯಾಡ್ಮಿಯಂ ವಿಷ. ಅಂಥ ಕೋಶಗಳನ್ನು ತೋಟದ ಮೂಲೆಯಲ್ಲಿ ಹೂಳುವುದಾಗಲಿ ಕಸದೊಂದಿಗೆ ಸುಡುವುದಾಗಲಿ ಖಂಡಿತ ಕೂಡದು.

ಕವಚಕ್ಕೆ ಬಣ್ಣ ಹಚ್ಚುವುದಕ್ಕೆ ನಮ್ಮ ಹವೆಯಲ್ಲಿ ಕಾಲ ನೋಡಬೇಕು. ಗ್ರಾಸ್‌ಹಾಪರಿನ ಕವಚ ಗಟ್ಟಿ ಪ್ಲಾಸ್ಟಿಕಿನದ್ದಾದ್ದರಿಂದ ಬಣ್ಣವನ್ನು ಹೊರಗಿನಿಂದ ಸಿಂಪಡಿಸುತ್ತಾರೆ. ಹಾರ್ನೆಟಿನದು ಪಾರದರ್ಶಕ ಪಾಲಿಕಾರ್ಬೊನೇಟ್, ಅದಕ್ಕೆ ಒಳಗಿನಿಂದ. ಮಳೆಗಾಲದ ತೇವದಲ್ಲಿ ಸಿಂಪಡಿಸಿದ ಲ್ಯಾಕರ್ ಒಣಗುವಾಗ ಗಾಳಿಯ ನೀರಿನಂಶವನ್ನು ಹಿಡಿದುಕೊಂಡು ಹಾಲಿನಂತೆ ಮಂಕಾಗುತ್ತದೆ. ನಾನು ಜನವರಿಯಲ್ಲಿ, ಮಧ್ಯಾಹ್ನ ಹನ್ನೆರಡರ ಬಿಸಿಲು ಬಿದ್ದ ಚಾವಡಿಯಲ್ಲಿ, ತೆಳುವಾಗಿ ನಾಲ್ಕು ಸಲ ಹೊಡೆದೆ. ಫಲಿತಾಂಶ ತೃಪ್ತಿ ಕೊಟ್ಟಿದೆ. ಸ್ಟಿಕ್ಕರುಗಳನ್ನು ಹಾಳೆಯಿಂದ ಕತ್ತರಿಸಿಯೇ ಅಂಟಿಸಬೇಕು. ಸಾಬೂನು ಬೆರೆಸಿದ ನೀರನ್ನು ಕವಚಕ್ಕೆ ಹನಿಸಿ ಅಂಟಿಸಿದರೆ ಜಾಗ ಸರಿಪಡಿಸಲು ಸಮಯ ಸಿಗುತ್ತದೆ. ಹಳೆಯ ಗಾಡಿಯ ಮೇಲೆ ಉಳಿದಿದ್ದ ಅಂಟಿನ ಜಿಡ್ಡನ್ನು ತೆಗೆದದ್ದು ಮನೆಯ ಕೊಬ್ಬರಿ ಎಣ್ಣೆ.

ಹಳದಿಯಾದ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗಾಗಿಸುವ ಕ್ರಮವೊಂದಿದೆ. ನಾನು ಅದನ್ನು ಮಾಡಲಿಲ್ಲ. ಬಾಗಿಲಿಗೆ ಬಡಿದು ಬಿದ್ದ ಗೀರು, ಅಪ್ಪಚ್ಚಿ ಬಾಲ್ ಪೆನ್ನಿನಿಂದ ಒಳಬದಿಯಲ್ಲಿ ಬರೆದ ಹೆಸರು, ಈ ಹಳದಿ, ಇವೆಲ್ಲ ಒಂದೇ ಗಾಡಿಯವು. ಹಾಗಿದ್ದರೆ ಹೊಸ ಕಿಟ್ಟಿನಿಂದ ಹಳೆಯದಕ್ಕೆ ಎಷ್ಟು ಕೊಡಬಹುದು ಎಂಬುದೇ ಮುಖ್ಯ ಪ್ರಶ್ನೆ. ಹೊಸದರ ಸ್ಟಿಯರಿಂಗ್ ಗೆಣ್ಣು ಹಳೆಯದಕ್ಕೆ ಯಾವ ಕೆತ್ತನೆಯೂ ಇಲ್ಲದೆ ಕೂರುತ್ತದೆ, ಟಯರುಗಳೂ ಹಳೆಯ ಗಾಲಿಗೆ ಸರಿಯಾಗಿ ಹೊಂದುತ್ತವೆ. ಮರುಬಿಡುಗಡೆಯ ದೊಡ್ಡ ಉಪಕಾರವೆಂದು ನಾನು ಎಣಿಸುವುದು ಇದನ್ನೇ. ಮರುಬಿಡುಗಡೆ ಬಂದರೆ ಮೂಲ ಗಾಡಿಗಳ ಬೆಲೆ ಬೀಳುತ್ತದೆ ಎಂದು ಸಂಗ್ರಾಹಕರಲ್ಲಿ ಕೆಲವರು ಬೇಸರಪಡುತ್ತಾರೆ. ಮಾರುವುದಕ್ಕಾಗಿ ಕೂಡಿಡುವವರಿಗೆ ಅದು ನಷ್ಟವೇ ಇರಬಹುದು, ಆದರೆ ಮುರಿದ ಒಂದು ಭಾಗಕ್ಕಾಗಿ ದಶಕಗಟ್ಟಲೆ ಅಟ್ಟದಲ್ಲಿ ಕುಳಿತ ಗಾಡಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಇದರಲ್ಲಿ ಒಂದು ಪ್ರಾಮಾಣಿಕತೆಯ ವಿಷಯವೂ ಇದೆ. ಎರಡು ಕಾಲದ ಭಾಗಗಳ ಆಕಾರ ಬಹುಮಟ್ಟಿಗೆ ಒಂದೇ ಆದ್ದರಿಂದ ಹೊಸದನ್ನು ಹಳೆಯದೆಂದು ಹೇಳಿ ಮಾರುವುದು ಸುಲಭ. ಎಂಬತ್ತರ ದಶಕದ ಭಾಗವೆಂದು ಹೇಳಿ ಒಬ್ಬ ಮಾರಾಟಗಾರರು ನನಗೆ ಕಳುಹಿಸಿದ ಬಂಪರ್, ಹಳದಿಯ ಸುಳಿವೂ ಇಲ್ಲದೆ, ನನ್ನ ಹೊಸ ಕಿಟ್ಟಿನ ಬಂಪರಿನ ತದ್ರೂಪಿಯಾಗಿತ್ತು, ಬೆಲೆ ಮಾತ್ರ ಮೂರು ಪಟ್ಟು. ಹಳೆಯ ಗಾಡಿ ದುರಸ್ತಿ ಮಾಡುವವರು ಯಾವ ಭಾಗವನ್ನು ಯಾವಾಗ ಬದಲಿಸಿದೆವೆಂದು ಚೀಟಿ ಬರೆದು ಗಾಡಿಯೊಂದಿಗೇ ಇಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಈಗ ಓಟದ ವಿಷಯ. ಕೊಯ್ಲಿನ ಅಡಿಕೆ ಜಾಲಿನಿಂದ ಎದ್ದ ಮೇಲೆ, ಮಾರ್ಚಿನಿಂದ ಮೊದಲ ಮಳೆ ಬೀಳುವವರೆಗೆ, ಪೆರ್ಲದ ಆಸುಪಾಸಿನ ನಾವು ಐದು ಮಂದಿ ಭಾನುವಾರ ಸಂಜೆ ಪದವಿನ (ಎತ್ತರದ ಬಯಲಿನ) ಮೇಲೆ ಸೇರುತ್ತಿದ್ದೆವು. ಐದು ನಿಮಿಷದ ಓಟ, ಎಲ್ಲರಿಗೂ ಕಿಟ್ಟಿನ 380 ಮೋಟಾರು, ಗೇರು ಬದಲಿಸುವಂತಿಲ್ಲ. ಈ ಚಿಕ್ಕ ಮೋಟಾರಿನ ಬಗ್ಗೆ ನನಗೆ ಮೊದಲಿದ್ದ ಅಸಮಾಧಾನ ಅಲ್ಲಿ ಹೋಯಿತು. ವೇಗ ಮಿತವಾಗಿರುವುದರಿಂದ ಐದೂ ಗಾಡಿಗಳು ಒಂದನ್ನೊಂದು ಬಿಡದೆ ಓಡುತ್ತವೆ, ಗೆಲುವು ತಿರುವಿನಲ್ಲಿ ನಿರ್ಧಾರವಾಗುತ್ತದೆ. ಹಿಂಭಾಗ ಹಾರುವ ಗಾಡಿಯನ್ನು ತಿರುವಿಗೆ ಮೊದಲೇ ನಿಧಾನಿಸಿ, ಗಾಲಿ ನೆಲ ಹಿಡಿದ ಮೇಲೆ ವೇಗ ಕೊಡುವವನೇ ಮುಂದೆ ಬರುತ್ತಾನೆ. ಹೆಚ್ಚು ವೇಗ ಬೇಕೆನ್ನುವವರು 540 ಮೋಟಾರು ಹಾಕಬಹುದು. ಆದರೆ 380ರ ಅಚ್ಚು 2.3 ಮಿಲಿಮೀಟರ್, 540ರದು 3.17. ಹೀಗಾಗಿ ಆ ಅಚ್ಚಿಗೆ ಕೂರುವ ಚಿಕ್ಕ ಪಿನಿಯನ್ ಗೇರನ್ನೂ ಬದಲಿಸಬೇಕಾಗುತ್ತದೆ. ಅಷ್ಟು ಮಾಡುವ ಮನಸ್ಸಿದ್ದವರು ಹಾರ್ನೆಟ್ ಕಿಟ್ಟನ್ನೇ ಕೊಳ್ಳುವುದು ಮೇಲು, 2004ರಿಂದ ಅದೂ ಮರುಬಿಡುಗಡೆಯಾಗಿದೆ.

ಮುರಕಲ್ಲು ಟಯರುಗಳನ್ನು ಬೇಗ ತಿನ್ನುತ್ತದೆ. ಮೂರು ತಿಂಗಳಲ್ಲಿ ಹಿಂದಿನ ಜೋಡಿಯ ಏಣುಗಳು ಅರ್ಧದಷ್ಟು ಸವೆದವು. ಮುಚ್ಚಿದ ಗೇರುಪೆಟ್ಟಿಗೆಯೊಳಗೆ ಮಾತ್ರ ಹುಡಿ ಹೋಗಿರಲಿಲ್ಲ, ಮೇ ಕೊನೆಯಲ್ಲಿ ಬಿಚ್ಚಿದಾಗ ಗ್ರೀಸ್ ಹಾಕಿದ ದಿನದ ಬಣ್ಣದಲ್ಲೇ ಇತ್ತು. ಮಳೆ ಜೋರಾಗಿರುವ ಆಟಿ ತಿಂಗಳ ತೇವಕ್ಕೆ ಉಕ್ಕಿನ ಸ್ಕ್ರೂಗಳು ತುಕ್ಕು ಹಿಡಿಯುವುದನ್ನು ತಪ್ಪಿಸಲು ಪ್ರತಿ ಸ್ಕ್ರೂವಿನ ತಲೆಗೂ ಯಂತ್ರದ ಎಣ್ಣೆಯ ಪಸೆ ಒರೆಸಿ, ಎರಡು ಗಾಡಿಗಳನ್ನೂ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ ತೆರೆದಾಗ ತುಕ್ಕು ಕಾಣಲಿಲ್ಲ.

ಓಟಕ್ಕೆ ಹೊಸದು, ಜಾಲಿನಲ್ಲಿ ನಿಧಾನವಾದ ಎರಡು ಸುತ್ತಿಗೆ ಹಳೆಯದು ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ, ಏಕೆಂದರೆ ವಯಸ್ಸಾದ ಎಬಿಎಸ್ ಒಂದು ಗುದ್ದಿಗೆ ಬಿರುಕು ಬಿಡಬಹುದು. ಈ ಸಲದ ವಿಷುವಿಗೆ ಅಪ್ಪಚ್ಚಿ ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟೆ. ಅವರು ಹೊಸದನ್ನು ಒಮ್ಮೆ ಎತ್ತಿ ನೋಡಿ ಕೆಳಗಿಟ್ಟು, ಹಳೆಯದರ ಕವಚ ತೆಗೆದು ತಮ್ಮ ಕೈಬರಹವನ್ನು ಓದಿ, "ಇದು ಈಗಲೂ ಓಡುತ್ತದಾ ಮಾರಾಯ?" ಎಂದು ಕೇಳಿದರು. ಹಳದಿ ಹರಳಿನ ಟ್ರಾನ್ಸ್‌ಮಿಟರನ್ನು ಅವರ ಕೈಗೆ ಕೊಟ್ಟೆ. ಬದಲಿಸಿದ ಸ್ಟಿಯರಿಂಗ್ ಗೆಣ್ಣಿನ ಮುರಿದ ತುಂಡು, ದಿನಾಂಕ ಬರೆದ ಚೀಟಿಯೊಂದಿಗೆ, ಅವರು ತಂದ ಅದೇ ಪೆಟ್ಟಿಗೆಯಲ್ಲಿದೆ.