270 ಟು ವಿನ್: ಗಂಜಿನ ಗಾದಿ ಮೇಲೆ ಕೂತು ನೋಡಿದ ಅಮೆರಿಕ

ಮೊದಲೇ ಹೇಳಿಬಿಡ್ತೀನಿ, ನಾನು ರಾಜಕೀಯ ಪಂಡಿತ ಅಲ್ಲ. ಕಲಬುರಗಿಯ ನೆಹರು ಗಂಜಿನ ಒಂದು ಅಡತ ಅಂಗಡಿಯಲ್ಲಿ ಲೆಕ್ಕ ಬರೆಯೋನು. ಮಾಲು ಬಂದರೆ ಕೆಲಸ, ಬರದಿದ್ದರೆ ಫೋನು. 2024ರ ಅಕ್ಟೋಬರಿನಲ್ಲಿ ತೊಗರಿ ಇನ್ನೂ ಹೊಲದಲ್ಲೇ ಇತ್ತು. ಆ ಖಾಲಿ ಹೊತ್ತಿನಲ್ಲಿ ಹತ್ತಿದ ಚಟವೇ ಅಮೆರಿಕದ ಅಧ್ಯಕ್ಷ ಚುನಾವಣೆಯ ಲೆಕ್ಕ ಹಾಕುವ '270 ಟು ವಿನ್' ಎಂಬ ವೆಬ್‌ಸೈಟು. ಲಿಂಕು ಕಳಿಸಿದವನು ನಾರ್ತ್ ಕೆರೊಲಿನಾದ ರಾಲಿಯಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ. ಅವನಿಗೆ ಅಲ್ಲಿ ಓಟಿಲ್ಲ, ನನಗಂತೂ ಇಲ್ಲವೇ ಇಲ್ಲ. ಆದರೂ ಇಬ್ಬರೂ ಒಂದು ತಿಂಗಳು ನಿದ್ದೆಗೆಟ್ಟೆವು.

ಸೈಟಿನಲ್ಲಿ ಇರೋದು ಮುಖ್ಯವಾಗಿ ಒಂದು ನಕ್ಷೆ. ರಾಜ್ಯದ ಮೇಲೆ ಬೆರಳಿಟ್ಟರೆ ನೀಲಿ, ಅಂದರೆ ಡೆಮಾಕ್ರಟ್. ಇನ್ನೊಮ್ಮೆ ಒತ್ತಿದರೆ ಕೆಂಪು, ರಿಪಬ್ಲಿಕನ್. ಮತ್ತೆ ಒತ್ತುತ್ತಾ ಹೋದರೆ ಯಾರಿಗೂ ಸೇರದ ಮಸುಕು ಬಣ್ಣ. ನೀವು ಒತ್ತಿದಂತೆಲ್ಲ ಲೆಕ್ಕ ಬದಲಾಗುತ್ತದೆ. ಅಧ್ಯಕ್ಷರನ್ನು ಆರಿಸಲು ರಾಜ್ಯಕ್ಕೆ ಇಷ್ಟಿಷ್ಟು ಅಂತ ಹಂಚಿದ ಮತಕ್ಕೆ ಎಲೆಕ್ಟೋರಲ್ ಮತ ಅಂತಾರೆ. ಒಟ್ಟು 538, 270 ಮುಟ್ಟಿದವನು ಗೆದ್ದ. ಒಂದು ಪೈಸೆ ಕೊಡಬೇಕಿಲ್ಲ. ರೋಡ್ ಐಲೆಂಡ್, ಡೆಲವೇರ್‌ನಂಥ ಚೋಟುದ್ದದ ರಾಜ್ಯಗಳ ಮೇಲೆ ನನ್ನ ದಪ್ಪ ಬೆರಳು ಕೂರಲಿಲ್ಲ, ಅಷ್ಟೇ.

ಒಂದಿನ ನಮ್ಮ ಹಮಾಲ ಮಲ್ಲಪ್ಪ ಬಗ್ಗಿ ನೋಡಿದ. "ಏನ್ರೀ ಮುನೀಮ್ರೇ, ಅಮೆರಿಕಾದಾಗ ಇಷ್ಟ್ ಕೆಂಪು ಅದ? ನಮ್ಮ ಯೂನಿಯನ್ ಅಲ್ಲೀ ತನ ಹೋಗ್ಯದೇನು?" ಅಂದ. ಅಲ್ಲಿ ಕೆಂಪು ಅಂದ್ರ ಟ್ರಂಪ್ ಪಾರ್ಟಿ ಅಂತ ತಿಳಿಸಿ ಹೇಳೋದರೊಳಗೆ ಚಾ ಆರಿ ತಣ್ಣಗಾಯಿತು.

ನಾನು ಮೊದಲು ಮಾಡಿದ್ದು, ಯಾರಿಗೂ ಅನುಮಾನ ಇಲ್ಲದ ರಾಜ್ಯಗಳಿಗೆಲ್ಲ ಬಣ್ಣ ಹಚ್ಚೋದು. ನೆಬ್ರಾಸ್ಕಾ ಮತ್ತು ಮೇನ್ ಮಾತ್ರ ಮತಗಳನ್ನು ಚುನಾವಣಾ ಕ್ಷೇತ್ರವಾರು ಹಂಚುತ್ತವೆ. ಉಳಿದ ಕಡೆ ಒಂದೇ ಓಟು ಹೆಚ್ಚು ಬಂದರೂ ಇಡೀ ರಾಜ್ಯ ನಿಮ್ಮದೇ. ಹಚ್ಚಿ ಮುಗಿಸಿದಾಗ ಕಮಲಾ ಹ್ಯಾರಿಸ್‌ಗೆ 226, ಟ್ರಂಪ್‌ಗೆ 219. ಉಳಿದ 93 ಏಳು ರಾಜ್ಯಗಳದ್ದು: ಪೆನ್ಸಿಲ್ವೇನಿಯಾ 19, ಜಾರ್ಜಿಯಾ 16, ನಾರ್ತ್ ಕೆರೊಲಿನಾ 16, ಮಿಶಿಗನ್ 15, ಅರಿಜೋನಾ 11, ವಿಸ್ಕಾನ್ಸಿನ್ 10, ನೆವಾಡಾ 6. ಇಷ್ಟು ದೊಡ್ಡ ದೇಶದ ಜಗಳವೆಲ್ಲ ಈ ಏಳು ಚೀಲದಲ್ಲಿ ಕಟ್ಟಿಟ್ಟಂತಿತ್ತು.

ಇದೇ ಜೋಶಿನಲ್ಲಿ ಒಂದು ಆಪ್‌ಗೂ ದುಡ್ಡು ಕಟ್ಟಿದೆ. ಹೆಸರು ಬೇಡ. ತಿಂಗಳಿಗೆ ನಾಲ್ಕುನೂರ ಚಿಲ್ಲರೆ. ಅದರ ಕೆಲಸ ಏನಪ್ಪಾ ಅಂದರೆ, ರಾತ್ರಿ ಎರಡಕ್ಕೆ ಟಿಂಗ್ ಅನ್ನೋದು. ಎದ್ದು ನೋಡಿದರೆ, ಹ್ಯಾರಿಸ್ ಗೆಲ್ಲುವ ಸಾಧ್ಯತೆ 50.2ರಿಂದ 49.7ಕ್ಕೆ ಇಳಿದಿದೆ. ಇಷ್ಟಕ್ಕೆ ಎಬ್ಬಿಸಬೇಕಾ? ಸಾವಿರ ಮಂದಿಯನ್ನು ಕೇಳಿದ ಸಮೀಕ್ಷೆಯಲ್ಲಿ ಶೇಕಡಾ ಮೂರು ಅಂಶ ಆಚೀಚೆ ಆಗೋದು ಲೆಕ್ಕದಲ್ಲೇ ಇರುತ್ತದೆ. ಅದರ ಮೇಲೆ ದಶಾಂಶ ಕೂರಿಸೋದು ಅಂದರೆ, ಎತ್ತಿನ ಗಾಡಿಯ ತೂಕವನ್ನು ಬಂಗಾರದ ತಕ್ಕಡಿಯಲ್ಲಿ ಹೇಳಿದಂತೆ.

ಗಂಜಿನವರಿಗೆ ಸ್ಯಾಂಪಲ್ ಅಂದರೇನು ಅಂತ ಯಾರೂ ಕಲಿಸಬೇಕಿಲ್ಲ. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈ ಮೇಲೆ ಹರಡಿ, ಊದಿ, ಇಡೀ ಲಾಟಿಗೆ ರೇಟು ಹೇಳ್ತೀವಿ. ಚೀಲದ ಬಾಯಿಗೆ ಮಾತ್ರ ಚುಚ್ಚಿದರೆ ತಳದ ಮಣ್ಣು ಕಾಣಲ್ಲ. ಎಷ್ಟು ಸಲ ಚುಚ್ಚಿದರೂ ಅಷ್ಟೇ. ಅಲ್ಲಿನವರಿಗೂ ಇದೇ ಪಜೀತಿ. ಫೋನು ಎತ್ತಿ ಉತ್ತರ ಕೊಡುವವರು ಒಂದು ಥರದವರು, ಎತ್ತದವರು ಇನ್ನೊಂದು ಥರದವರು ಆದರೆ ಮುಗಿಯಿತು. 2020ರಲ್ಲಿ ಬೈಡನ್ ಏಳೆಂಟು ಅಂಶ ಮುಂದಿದ್ದಾರೆ ಅಂತ ಸಮೀಕ್ಷೆಗಳ ಸರಾಸರಿ ಹೇಳಿತ್ತು, ಕೊನೆಗೆ ಸಿಕ್ಕ ಅಂತರ ನಾಲ್ಕೂವರೆ. ನಾವೇನು ಕಡಿಮೆ? 2024ರ ಜೂನ್‌ನಲ್ಲಿ ಟಿವಿಯವರು ಎನ್‌ಡಿಎಗೆ 350ರ ಮೇಲೆ ಹಂಚಿದ್ದರು, ಬಂದದ್ದು 293.

ಇಷ್ಟೆಲ್ಲ ಗೊತ್ತಿದ್ದೂ ನಾನು ಬಿದ್ದೆ. ದೀಪಾವಳಿ ಪಾಡ್ಯದ ಮರುದಿನ ಬೆಳಗ್ಗೆ ಅಳಿಯನ ಮೆಸೇಜು: "ಮಾಮಾ, ಅಯೋವಾ ನೋಡ್ರಿ!" ಅಲ್ಲಿ ಬಹಳ ವರ್ಷದಿಂದ ಹೆಸರು ಗಳಿಸಿದ್ದ ಆ್ಯನ್ ಸೆಲ್ಜರ್ ಅವರ ಸಮೀಕ್ಷೆ, ಹ್ಯಾರಿಸ್ 47, ಟ್ರಂಪ್ 44. ಪೂಜೆಗೆ ಇಟ್ಟಿದ್ದ ಹೊಸ ಖಾತೆ ಪುಸ್ತಕ ಪಕ್ಕಕ್ಕೆ ಸರಿಸಿ ಅಯೋವಾದ ಆರು ಮತಕ್ಕೂ ನೀಲಿ ಹಚ್ಚಿಬಿಟ್ಟೆ. ಟ್ರಂಪ್ ಅಲ್ಲಿ 13 ಅಂಶದಿಂದ ಗೆದ್ದರು. ಒಂದು ಹಿಡಿ ಕಾಳು ನೋಡಿ ಲಾಟು ಕೊಂಡ ವ್ಯಾಪಾರಿಯ ಮುಖ ಅವತ್ತು ಕನ್ನಡಿಯಲ್ಲಿ ಕಂಡಿತು.

ಆ ನಕ್ಷೆಗೆ ನಾನು ಐದಕ್ಕೆ ನಾಲ್ಕೂವರೆ ಕೊಡೋದು ಯಾಕೆ ಅಂದರೆ, ಅಲ್ಲಿ ತಪ್ಪು ಬಣ್ಣ ಹಚ್ಚಿದರೆ ಹಚ್ಚಿದವರು ನೀವೇ. ಬೇರೆಯವರನ್ನು ಬೈಯೋ ಹಾಗಿಲ್ಲ. ಜೊತೆಗೆ, ಆಟವಾಡುತ್ತಾ ಒಂದು ವಿಚಿತ್ರ ಸಿಕ್ಕಿತು. 226ಕ್ಕೆ ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್ ಸೇರಿಸಿ ನೋಡಿ: ಸರಿಯಾಗಿ 270. ಅದರಲ್ಲಿ ನೆಬ್ರಾಸ್ಕಾದ ಓಮಾಹಾ ಕಡೆಯ ಒಂದೇ ಒಂದು ಮತ ಕೆಂಪಾದರೆ 269-269. ಆಗ ಅಧ್ಯಕ್ಷರನ್ನು ಆರಿಸೋದು ಅವರ ಕೆಳಮನೆ, ಅದೂ ರಾಜ್ಯಕ್ಕೊಂದೇ ಓಟಿನಂತೆ. ಇದನ್ನು ಮೂರು ಟೀವಿ ಚರ್ಚೆ ಕೇಳಿದ್ದರೂ ನಾನು ತಿಳಿಯುತ್ತಿರಲಿಲ್ಲ. ಅರ್ಧ ಅಂಕ ಕಡಿದದ್ದು ಮನೆಯವಳ ಪರವಾಗಿ. "ಊಟಕ್ಕೆ ಕೂತಾಗಾದ್ರೂ ಬಣ್ಣ ಹಚ್ಚೂದು ಬಿಡ್ರಿ" ಅಂತ ಹೇಳಿ ಹೇಳಿ ಸೋತಿದ್ದಾಳೆ.

ನವೆಂಬರ್ 6, ಬುಧವಾರ. ಬೆಳಗ್ಗೆ ಹತ್ತರೊಳಗೆ ನಾರ್ತ್ ಕೆರೊಲಿನಾ ಕೆಂಪಾಯಿತು, ಹನ್ನೊಂದೂವರೆಗೆ ಜಾರ್ಜಿಯಾ. ಮಧ್ಯಾಹ್ನ ಒಂದು ಗಂಟೆಗೆ ಐದಾರು ನಿಮಿಷ ಇರುವಾಗ ಎಪಿ ಸುದ್ದಿಸಂಸ್ಥೆ ಪೆನ್ಸಿಲ್ವೇನಿಯಾವನ್ನೂ ಟ್ರಂಪ್‌ಗೆ ಬರೆಯಿತು. ಬುತ್ತಿ ಬಿಚ್ಚಿ, ರೊಟ್ಟಿ ಮುರಿದ ಕೈಯಲ್ಲೇ ನಾನೂ ಒತ್ತಿದೆ. ಅರಿಜೋನಾ ಬರುವ ಹೊತ್ತಿಗೆ ನಮ್ಮಲ್ಲಿ ಭಾನುವಾರ. ಏಳಕ್ಕೆ ಏಳೂ ಕೆಂಪು, 312. ಆ ಕಡೆ ನಾನು ಮೊದಲ ದಿನ ಹಚ್ಚಿಟ್ಟ 226 ಒಂದೂ ಹೆಚ್ಚಾಗದೆ, ಒಂದೂ ಕಡಿಮೆಯಾಗದೆ ಹಾಗೇ ಕೂತಿತ್ತು.

ಅದೇ ವಾರ ಆ ಆಪ್‌ನವರು ಎರಡನೇ ತಿಂಗಳ ದುಡ್ಡು ಖಾತೆಯಿಂದ ಎಳಕೊಂಡರು.