ನಿದ್ದೆ ಬರದ ಗುಳಿಗೆ ಅಂತ ನಂಬಿ ಬೈಕ್ ಹತ್ತಿದೆ

ಹೋದ ಎಳ್ಳಮಾಸಿ ದಿನ ಸಂಜೆ, ಕಮಲಾಪುರದ ಕಡೆಯಿಂದ ಕಲಬುರಗಿಗೆ ಬರುವಾಗ ನನ್ನ ಬೈಕ್ ರಸ್ತೆ ಬಿಟ್ಟು ಮಣ್ಣಿಗೆ ಇಳಿಯಿತು. ಹಿಂದೆ ಹೆಂಡತಿ ಕೂತಿದ್ದಳು. ನನಗೆ ಮೊಣಕಾಲು ತರಚಿತು, ಅಷ್ಟೇ. ಅವಳು ಬಲಗೈ ಊರಿ ಬಿದ್ದಳು. ಮುಂಗೈ ಮೂಳೆ ಮುರಿಯಿತು. ಎದುರಿಗೆ ಗಾಡಿ ಬಂದಿರಲಿಲ್ಲ. ರಸ್ತೆಯಲ್ಲಿ ಗುಂಡಿ ಇರಲಿಲ್ಲ. ನಾನು ಕುಡಿದಿರಲಿಲ್ಲ. ತೂಕಡಿಸಿದ್ದೆ. ಹದಿನೈದು ದಿನದಿಂದ ಅಲರ್ಜಿಗೆ ಗುಳಿಗೆ ತಗೊಳ್ಳುತ್ತಿದ್ದೆ. ಅದು ನಿದ್ದೆ ಬರಿಸುವುದಿಲ್ಲ ಅಂತ ಪೂರ್ತಿ ನಂಬಿದ್ದೆ.

ನಮ್ಮ ಭಾಗದಲ್ಲಿ ತೊಗರಿ ರಾಶಿಯ ತಿಂಗಳುಗಳಲ್ಲಿ ಸೀನು, ಮೂಗು ಸೋರುವುದು, ಕಣ್ಣು ತುರಿಕೆ ಮನೆಮನೆಯಲ್ಲಿ ಇರುತ್ತದೆ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಕಪನೂರಿನ ಒಂದು ದಾಲ್ ಮಿಲ್‌ನಲ್ಲಿ ತೂಕ ನೋಡಿ ಲೆಕ್ಕ ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದರೆ ಹೊಟ್ಟಿನ ಧೂಳು ಕಾಗದದ ಮೇಲೂ ಕೂತಿರುತ್ತದೆ. ಬೆಳಿಗ್ಗೆ ಒಂದೇ ಸಮನೆ ಹತ್ತು ಹದಿನೈದು ಸೀನು. ಕಿವಿ ಮೂಗು ಗಂಟಲಿನ ಡಾಕ್ಟರ್ ನೋಡಿ ಫೆಕ್ಸೊಫೆನಡಿನ್ 120 ಮಿಲಿಗ್ರಾಂ ಬರೆದುಕೊಟ್ಟರು, ದಿನಕ್ಕೆ ಒಂದೇ. "ಇದಕ್ಕ ನಿದ್ದಿ ಬರೋದು ಭಾಳ ಕಡಿಮಿ, ನೀರಿನ ಜೊತಿ ತಗೋರಿ" ಅಂದಿದ್ದರು. ನಿದ್ದೆಯ ಮಾತು ತಲೆಯಲ್ಲಿ ಉಳಿಯಿತು. ನೀರಿನ ಮಾತು ಉಳಿಯಲಿಲ್ಲ.

ನಾಲ್ಕು ದಿನ ಮೂಗು ಒಣಗಿತು, ಕೆಲಸ ಆರಾಮಾಗಿ ಸಾಗಿತು. ಆಮೇಲೆ ನಾನು ತಗೊಳ್ಳುವ ರೀತಿಯೇ ಬದಲಾಯಿತು. ಬೆಳಿಗ್ಗೆ ಮಿಲ್‌ಗೆ ಹೋಗುವ ದಾರಿಯಲ್ಲಿ ಸುಸ್ಲಾ, ಮಿರ್ಚಿ. ಅದರಿಂದ ಎದೆ ಉರಿ. ಉರಿಗೆ ಒಂದು ಮುಚ್ಚಳ ಅಸಿಡಿಟಿ ಸಿರಪ್. ಪಕ್ಕದಲ್ಲೇ ಸಂತ್ರಾ ಜ್ಯೂಸ್ ಬಂಡಿ. ಒಂದು ಗ್ಲಾಸ್ ಜ್ಯೂಸ್ ಕುಡಿಯುತ್ತಾ ಅದರ ಜೊತೆಗೇ ಗುಳಿಗೆ ನುಂಗುತ್ತಿದ್ದೆ. ಮೂರೇ ದಿನಕ್ಕೆ ಸೀನು ವಾಪಸ್ ಬಂತು. ಗುಳಿಗೆಗೆ ತಾಕತ್ತಿಲ್ಲ ಅಂದುಕೊಂಡೆ. ಯಾರನ್ನೂ ಕೇಳದೆ ಸಂಜೆಗೂ ಒಂದು ಸೇರಿಸಿದೆ. ಡಾಕ್ಟರ್‌ಗೆ ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ.

ಎಳ್ಳಮಾಸಿಗೆ ಹೆಂಡತಿಯ ತವರಿನ ಹೊಲಕ್ಕೆ ಹೊರಟೆವು. ಪಕ್ಕದ ಹೊಲದಲ್ಲಿ ತೊಗರಿ ರಾಶಿ ನಡೆದಿರುತ್ತದೆ, ಧೂಳು ತಪ್ಪದು ಅಂತ ಗೊತ್ತಿತ್ತು. ದಾರಿಯಲ್ಲಿ ಒಂದು ಮೆಡಿಕಲ್‌ನಲ್ಲಿ ನಿಲ್ಲಿಸಿ ಕೇಳಿದೆ.

"ತಮ್ಮಾ, ಅಲರ್ಜಿ ನೆಗಡಿಗೆ ಛಲೋ ಗುಳಿಗಿ ಕೊಡು. ನಿದ್ದಿ ಬರಬಾರದು ನೋಡು."

"ತಗೋರಿ ಅಣ್ಣಾರ, ಇದನ್ನ ಎಲ್ಲಾರೂ ಒಯ್ತಾರ."

ಕತ್ತರಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟ. ಬೆಳಿಗ್ಗೆ ಜ್ಯೂಸ್ ಜೊತೆ ಫೆಕ್ಸೊಫೆನಡಿನ್ ಆಗಲೇ ಹೊಟ್ಟೆಯಲ್ಲಿತ್ತು. ಚರಗ ಚೆಲ್ಲಿ ಬಂದ ಮೇಲೆ ಹೊಸ ಗುಳಿಗೆ ಒಂದು ತಗೊಂಡೆ, ನಾಲ್ಕು ಗಂಟೆಗೆ ಇನ್ನೊಂದು. ಭಜ್ಜಿ, ಸಜ್ಜಿ ಕಡಬು, ಅಂಬಲಿ ಎಲ್ಲಾ ಹೊಟ್ಟೆ ತುಂಬಾ ಉಂಡಿದ್ದೆ. ಕಣ್ಣು ಎಳೆಯುವುದು ಊಟದ ಭಾರ ಅಂದುಕೊಂಡೆ. "ಸ್ವಲ್ಪ ಮಲಗಿ ಹೋಗೋಣಲ್ರಿ" ಅಂದಳು ಹೆಂಡತಿ. ಕತ್ತಲಾಗುತ್ತದೆ ಅಂತ ನಾನೇ ಅವಸರ ಮಾಡಿದೆ.

ಆಸ್ಪತ್ರೆಯಲ್ಲಿ "ಏನು ಗುಳಿಗೆ ತಗೊಂಡಿದ್ರಿ?" ಅಂತ ಕೇಳಿದರು. ಜೇಬಿನಿಂದ ಆ ತುಂಡು ತೆಗೆದು ತೋರಿಸಿದೆ. ಅದರ ಹಿಂದೆ ಎರಡು ಅರ್ಧಂಬರ್ಧ ಅಕ್ಷರ ಬಿಟ್ಟರೆ ಏನಿಲ್ಲ. ಹೆಸರಿಲ್ಲ, ತಾರೀಖಿಲ್ಲ. ನನ್ನ ಬಿಪಿಯೂ ಜಾಸ್ತಿ ಇತ್ತು. ಗಾಬರಿಗೋ ಗುಳಿಗೆಗೋ ಹೇಳಲು ಆಗಲಿಲ್ಲ, ಯಾಕೆಂದರೆ ನಾನು ನುಂಗಿದ್ದೇನು ಅನ್ನುವುದೇ ಅಲ್ಲಿ ಯಾರಿಗೂ ತಿಳಿಯಲಿಲ್ಲ.

ಮರುದಿನ ಅಣ್ಣನ ಮಗಳು ಬಂದಳು. ಫಾರ್ಮಸಿ ಓದುತ್ತಿದ್ದಾಳೆ. ಅದೇ ಮೆಡಿಕಲ್‌ಗೆ ಹೋಗಿ ಅದೇ ಗುಳಿಗೆಯ ಪೂರ್ತಿ ಸ್ಟ್ರಿಪ್ ತಂದಳು. ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲಾ ಇತ್ತು: ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ನಿದ್ದೆ ಬರಬಹುದು ಅನ್ನುವ ಎಚ್ಚರಿಕೆಯೂ ಇತ್ತು. ಕತ್ತರಿಸಿದಾಗ ಆ ಸಾಲು ಅಂಗಡಿಯಲ್ಲೇ ಉಳಿದಿತ್ತು.

"ಕಾಕಾ, ಇದರಾಗಿನ ಕ್ಲೋರ್‌ಫೆನಿರಮಿನ್ ಹಳೇ ಕಾಲದ ಅಲರ್ಜಿ ಔಷಧ. ಇದು ಸೀದಾ ಮಿದುಳಿಗೇ ಹೋಗ್ತದ, ಅದಕ್ಕೇ ನಿದ್ದಿ. ಡಾಕ್ಟರ್ ಕೊಟ್ಟಿದ್ದು ಮಿದುಳಿಗೆ ಹೋಗೋದೇ ಕಡಿಮಿ. ನೀವು ಎರಡನ್ನೂ ಒಂದೇ ದಿನ ತಗೊಂಡೀರಿ."

ಫಿನೈಲೆಫ್ರಿನ್ ಕಟ್ಟಿದ ಮೂಗು ಬಿಡಿಸುವುದಕ್ಕೆ ಹಾಕುವುದು, ಅದು ಬಿಪಿ ಏರಿಸಬಹುದು ಅಂದಳು. ಬಿಪಿ ಇರುವವರು ಇಂಥ ನೆಗಡಿ ಗುಳಿಗೆಯನ್ನು ಕೇಳದೆ ಮುಟ್ಟಬಾರದು. ಇನ್ನೊಂದು ಮಾತು ಕೇಳಿ ನನಗೆ ಹೆದರಿಕೆಯಾಯಿತು. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಕೂಡಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ನಮ್ಮ ದೇಶದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ದೊಡ್ಡವರ ಗುಳಿಗೆ ಅರ್ಧ ಮಾಡಿ ಮಗುವಿಗೆ ಕುಡಿಸುವುದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ದಯವಿಟ್ಟು ಬೇಡ.

ಆಮೇಲೆ ಕೇಳಿದಳು, "ಮೊದಲಿನ ಗುಳಿಗಿ ಯಾವುದರ ಜೊತಿ ತಗೋತಿದ್ರಿ?" ಜ್ಯೂಸ್ ಅಂದೆ. ಸಿರಪ್ಪಿನ ವಿಷಯವೂ ಹೇಳಿದೆ. ಹಣೆ ಹಿಡಿದುಕೊಂಡಳು.

ಸಂತ್ರಾ, ಸೇಬು, ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕ್ಕೋತದಂಥ ಹಣ್ಣು) ಜ್ಯೂಸ್ ಜೊತೆ ಫೆಕ್ಸೊಫೆನಡಿನ್ ತಗೊಂಡರೆ ಕರುಳಿನಿಂದ ರಕ್ತಕ್ಕೆ ಹೋಗುವ ಔಷಧವೇ ಕಡಿಮೆಯಾಗುತ್ತದಂತೆ. ಕರುಳಿನ ಗೋಡೆಯಲ್ಲಿ ಈ ಔಷಧವನ್ನು ಒಳಗೆ ದಾಟಿಸುವ ಒಂದು ವ್ಯವಸ್ಥೆ ಇದೆ, ಜ್ಯೂಸ್ ಅದನ್ನು ತಡೆಯುತ್ತದೆ. ಅಸಿಡಿಟಿ ಸಿರಪ್ಪಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಕೂಡ ಇದೇ ನಷ್ಟ ಮಾಡುತ್ತವೆ. ಸಿರಪ್ ಬೇಕೇ ಬೇಕಾದರೆ ಎರಡು ಗಂಟೆ ಅಂತರ ಇರಬೇಕು. ಅಂದರೆ ಗುಳಿಗೆಗೆ ತಾಕತ್ತಿತ್ತು, ನಾನೇ ಅದನ್ನು ಒಳಗೆ ಬಿಟ್ಟಿರಲಿಲ್ಲ. ಒಂದು ಗ್ಲಾಸ್ ನೀರು ಕುಡಿದಿದ್ದರೆ ಎರಡನೇ ಗುಳಿಗೆ ಬೇಕಾಗುತ್ತಿರಲಿಲ್ಲ, ಮೆಡಿಕಲ್‌ಗೂ ಹೋಗುತ್ತಿರಲಿಲ್ಲ. ಇದನ್ನು ನೆನೆಸಿಕೊಂಡಾಗೆಲ್ಲ ಸಂಕಟವಾಗುತ್ತದೆ.

"ನಿದ್ದೆ ಬರದ ಅಲರ್ಜಿ ಗುಳಿಗೆ" ಅಂತ ಕೇಳಿದರೆ ಅಂಗಡಿಯಲ್ಲಿ ಏನು ಬೇಕಾದರೂ ಸಿಗಬಹುದು. ಸೆಟ್ರಿಜಿನ್, ಲೆವೊಸೆಟ್ರಿಜಿನ್ ಹಳೆಯವಕ್ಕಿಂತ ವಾಸಿ, ಆದರೂ ಕೆಲವರಿಗೆ ಚೆನ್ನಾಗಿಯೇ ನಿದ್ದೆ ಬರಿಸುತ್ತವೆ. ಫೆಕ್ಸೊಫೆನಡಿನ್‌ನಿಂದಲೂ ಅಪರೂಪಕ್ಕೆ ಕೆಲವರಿಗೆ ಮಂಪರು ಬರಬಹುದು. ಯಾವುದೇ ಆಗಲಿ, ಮೊದಲ ಸಲ ತಗೊಂಡಾಗ ನಿಮ್ಮ ಮೈಗೆ ಹೇಗೆ ಆಗುತ್ತದೆ ಅಂತ ಮನೆಯಲ್ಲಿದ್ದು ನೋಡಿ, ಆಮೇಲೆ ಗಾಡಿ ಹತ್ತಿ. ಅದಕ್ಕೇ ಔಷಧದ ಹೆಸರು ಹೇಳಿ ಕೇಳಿ. ಡಾಕ್ಟರ್ ಚೀಟಿಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ನಾಲ್ಕೇ ಗುಳಿಗೆ ಕೊಂಡರೂ ಹೆಸರು, ಎಕ್ಸ್‌ಪೈರಿ ಇರುವ ಕಡೆಯಿಂದಲೇ ಕತ್ತರಿಸಿ ಕೊಡಲು ಹೇಳಿ, ಆಗದಿದ್ದರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಖ ಸಿಂಡರಿಸಿದರೂ ಪರವಾಗಿಲ್ಲ.

ಒಂದು ಅಲರ್ಜಿ ಗುಳಿಗೆ ನಡೆಯುತ್ತಿದ್ದರೆ ಅದರ ಮೇಲೆ ನೆಗಡಿ ಗುಳಿಗೆ ಹಾಕಬೇಡಿ, ಅದರೊಳಗೂ ಇನ್ನೊಂದು ಅಲರ್ಜಿ ಔಷಧ ಇರಬಹುದು. ಕಿಡ್ನಿ ತೊಂದರೆ ಇರುವವರಿಗೆ ಈ ಗುಳಿಗೆಗಳ ಪ್ರಮಾಣವನ್ನು ಡಾಕ್ಟರ್ ಕಡಿಮೆ ಮಾಡಬೇಕಾಗುತ್ತದೆ. ಹಾಗಾಗಿ ಮನೆಯಲ್ಲಿರುವ ಅವ್ವ ಅಪ್ಪನಿಗೆ ನಿಮ್ಮ ಗುಳಿಗೆ ಕೊಡಬೇಡಿ. ಬಸುರಿಯರು, ಹಾಲುಣಿಸುವವರೂ ಕೇಳಿಯೇ ತಗೊಳ್ಳಬೇಕು. ಸೆಟ್ರಿಜಿನ್, ಲೆವೊಸೆಟ್ರಿಜಿನ್ ತಿಂಗಳುಗಟ್ಟಲೆ ದಿನಾ ತಗೊಂಡು ಬಿಟ್ಟ ಕೆಲವರಿಗೆ ವಿಪರೀತ ತುರಿಕೆ ಬಂದಿದೆ. ಅಪರೂಪದ ವಿಷಯವೇ, ಆದರೂ 2025ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿದೆ.

ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಗುಳಿಗೆ ಹುಡುಕುತ್ತಾ ಕೂರಬೇಡಿ. ಇನ್ನೊಂದು ನುಂಗಿ ಕಾಯಲೂ ಬೇಡಿ. 108ಕ್ಕೆ ಫೋನ್ ಮಾಡಿ. ಆ ಹೊತ್ತಿಗೆ ಅಡ್ರಿನಲಿನ್ ಇಂಜೆಕ್ಷನ್ ಬೇಕು, ಈ ಗುಳಿಗೆಗಳಿಂದ ಆಗುವ ಕೆಲಸ ಅಲ್ಲ.

ನಾನು ಈಗ ಮಿಲ್‌ನಲ್ಲಿ ಮಾಸ್ಕ್ ಹಾಕುತ್ತೇನೆ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸುತ್ತೇನೆ. ಡಾಕ್ಟರ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅದೇ 120ರ ಗುಳಿಗೆಯನ್ನೇ ಮುಂದುವರಿಸಿದರು, ದಿನಕ್ಕೆ ಒಂದೇ, ನೀರಿನ ಜೊತೆ. ಸೀನು ನಿಂತಿದೆ.

ಹೆಂಡತಿಯ ಕೈಗೆ ಆರು ವಾರ ಪ್ಲಾಸ್ಟರ್ ಇತ್ತು. ಈಗ ರೊಟ್ಟಿ ಬಡಿಯಲು ಕೂತರೆ ನಾಲ್ಕನೇ ರೊಟ್ಟಿಗೆ ಮುಂಗೈ ನೋಯಲು ಶುರುವಾಗುತ್ತದೆ. ಅವಳು ಏನೂ ಅನ್ನುವುದಿಲ್ಲ, ಹಿಟ್ಟಿನ ಕೈಯನ್ನು ಎಡಗೈಯಿಂದ ಒತ್ತಿಕೊಂಡು ಸ್ವಲ್ಪ ಹೊತ್ತು ಕೂರುತ್ತಾಳೆ. ಉಳಿದ ರೊಟ್ಟಿ ನಾನು ಹೊರಗಿನಿಂದ ತರುತ್ತೇನೆ.